ಸಂಶೋಧನೆಯ ಗುಣನಿರ್ಣಯದಲ್ಲಿ ವಿಶ್ವವಿದ್ಯಾನಿಲಯಗಳ ಹೊಣೆ

ಉನ್ನತ ಶಿಕ್ಷಣ ಹಾಗೂ ಸಂಶೋಧನ ಸಂಸ್ಥೆಗಳ ಮಟ್ಟವನ್ನು ನಿರ್ಧರಿಸಿ ಸಮನ್ವಯಗೊಳಿಸುವ ಅಧಿಕಾರವನ್ನು ಭಾರತದ ಸಂವಿಧಾನವು ಕೇಂದ್ರಪಟ್ಟಿಯ 66ನೆಯ ನಮೂದಿನಲ್ಲಿ ಒಕ್ಕೂಟಕ್ಕೆ ವಹಿಸಿದೆ. 1956ರ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ಅಧಿನಿಯಮವು ಇದನ್ನು ತನ್ನ 12ನೆಯ ಪ್ರಕರಣದಲ್ಲಿ ಆಯೋಗದ ಕರ್ತವ್ಯವಾಗಿ ವಿಧಿಸುವಾಗ, ಬೋಧನೆ, ಪರೀಕ್ಷೆ, ಸಂಶೋಧನೆಗಳ ಮಟ್ಟವನ್ನು ಗೊತ್ತುಮಾಡಿ ಕಾಪಾಡುವ ಕ್ರಮಗಳನ್ನೆಲ್ಲ ವಿಶ್ವವಿದ್ಯಾನಿಲಯಗಳೊಡನೆ ಸಮಾಲೋಚಿಸಿಯೇ ಕೈಗೊಳ್ಳತಕ್ಕದ್ದೆಂಬ ನಿಬಂಧನೆಯನ್ನೂ ಕೂಡಿಸಿತು. ಈ ನಿಬಂಧನೆಯನ್ನು ಕೇವಲ ಔಪಚಾರಿಕವೆಂದು ಬಗೆಯುವವರುಂಟು. ಆದರೆ ಕಳೆದ ಒಂದೂವರೆ ದಶಕದ ಇತಿಹಾಸವನ್ನು ಸಾವಧಾನವಾಗಿ ಪರಿಶೀಲಿಸಿದರೆ, ಇಡೀ ವ್ಯವಸ್ಥೆಯ ಭಾರವನ್ನು ಹೊರಬೇಕಾದ ಕಂಬವು ಇದೇ ಎಂಬುದು ಮನದಟ್ಟಾಗದೆ ಇರದು.

1857ರಲ್ಲಿ ಕಲ್ಕತ್ತ, ಬೊಂಬಾಯಿ, ಮದರಾಸುಗಳಲ್ಲಿ ಸ್ಥಾಪಿತವಾದ ವಿಶ್ವವಿದ್ಯಾನಿಲಯಗಳು ಲಂಡನ್ನಿನ ಮಾದರಿಯನ್ನನುಸರಿಸಿ ಪರೀಕ್ಷೆ ನಡೆಸಿ ಪದವಿ ನೀಡುವ ಸಂಸ್ಥೆಗಳಾಗಿದ್ದುವು. ಸಂಶೋಧನೆಯು ಅವುಗಳ ಅಂಗಣಕ್ಕೆ ಬಂದುದು ತರುವಾಯ. ಸಂಶೋಧನೆಯು ಬಂದಾಗ ಅದರ ಬೆಲೆ ಕಟ್ಟುವ ಕಾರ್ಯವು ಸಹಜವಾಗಿಯೇ ಆಯಾ ಶಾಸ್ತ್ರದಲ್ಲಿ ನುರಿತ ಬಾಹ್ಯ ಪರೀಕ್ಷಕರ ಪಾಲಿಗೆ ಬಂದಿತು. ಒಬ್ಬ ವಿದ್ವಾಂಸನ ಕೃತಿಯನ್ನು ಇನ್ನೊಬ್ಬ ವಿದ್ವಾಂಸನು ಆದ್ಯಂತವಾಗಿ ಓದಿ, ತನ್ನ ಹೆಸರನ್ನು ಹಾಕಿ ಅಭಿಪ್ರಾಯವನ್ನು ಬರೆದುಕೊಡುವ ಈ ಪದ್ಧತಿಗಿಂತ ದೃಢವಾದ ಸಾಧನವನ್ನು ನಾವು ಇಂದಿಗೂ ಕಂಡಿಲ್ಲ.

ಇಂಥ ಓದಿನ ಸ್ಥಾನವನ್ನು ಎಣಿಕೆಯು ಆಕ್ರಮಿಸತೊಡಗಿದ್ದು 2009-10ರ ಸುಮಾರಿಗೆ. ಮಹಾಪ್ರಬಂಧವನ್ನು ಸಲ್ಲಿಸುವ ಮುನ್ನ ಅಭ್ಯರ್ಥಿಯ ಒಂದು ಲೇಖನವಾದರೂ ಪರಾಮರ್ಶಿತ ಪತ್ರಿಕೆಯಲ್ಲಿ ಪ್ರಕಟವಾಗಿರಬೇಕೆಂದು 2009ರ ನಿಯಮವು ವಿಧಿಸಿತು. ಅಧ್ಯಾಪಕರ ನೇಮಕಾತಿ ಮತ್ತು ಬಡ್ತಿಗಳಿಗೆ ಲೇಖನಗಳ ಸಂಖ್ಯೆಯನ್ನು ಅಂಕಗಳಾಗಿ ಪರಿವರ್ತಿಸುವ ಕ್ರಮವನ್ನು 2010ರ ನಿಯಮವು ತಂದಿತು. ಉದ್ದೇಶವು ಸಾಧುವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ದೇಶದಾದ್ಯಂತ ಸಾವಿರಾರು ಮಂದಿಗೆ ಏಕಕಾಲದಲ್ಲಿ ಪ್ರಕಟಣೆಯು ಅನಿವಾರ್ಯವಾದೊಡನೆ, ಹಣ ಪಡೆದು ಏನನ್ನಾದರೂ ಅಚ್ಚುಹಾಕಿಕೊಡುವ ಪತ್ರಿಕೆಗಳು ಹುಟ್ಟಿಕೊಂಡುವು. ಅವುಗಳನ್ನು ತಡೆಯಲೆಂದು ಆಯೋಗವು 2017ರಲ್ಲಿ ಅಂಗೀಕೃತ ಪತ್ರಿಕೆಗಳ ಪಟ್ಟಿಯೊಂದನ್ನು ಹೊರಡಿಸಿತು. ಈ ಪಟ್ಟಿಯ ಒಂದು ಭಾಗವು ವಿಶ್ವವಿದ್ಯಾನಿಲಯಗಳೇ ಕಳುಹಿಸಿದ ಶಿಫಾರಸುಗಳಿಂದ ಕೂಡಿದುದು.

ಪುಣೆಯ ಸಾವಿತ್ರೀಬಾಯಿ ಫುಲೆ ವಿಶ್ವವಿದ್ಯಾನಿಲಯದ ಭೂಷಣ ಪಟವರ್ಧನರೂ ಅವರ ಸಹೋದ್ಯೋಗಿಗಳೂ ಈ ಭಾಗದಿಂದ 1009 ಪತ್ರಿಕೆಗಳನ್ನು ಆಯ್ದು ಒಂದೊಂದನ್ನೂ ಪರೀಕ್ಷಿಸಿದರು. ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ 2018ರಲ್ಲಿ ಅವರು ಪ್ರಕಟಿಸಿದ ಫಲಿತಾಂಶವು ಖೇದಕರವಾದುದು: ಶೇಕಡ 88ಕ್ಕೂ ಮಿಕ್ಕ ಪತ್ರಿಕೆಗಳು ಪರೀಕ್ಷೆಯಲ್ಲಿ ನಿಲ್ಲಲಿಲ್ಲ, ಮೂರರಲ್ಲೊಂದು ಪಾಲಿಗಿಂತ ಹೆಚ್ಚಿನವುಗಳಲ್ಲಿ ವಿಳಾಸ, ಸಂಪಾದಕರ ಹೆಸರು ಮೊದಲಾದ ಪ್ರಾಥಮಿಕ ವಿವರಗಳೇ ಇರಲಿಲ್ಲ, ಇದ್ದರೂ ಸರಿಯಾಗಿರಲಿಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ ಆಯೋಗವು 4305 ಪತ್ರಿಕೆಗಳನ್ನು ಪಟ್ಟಿಯಿಂದ ತೆಗೆದುಹಾಕಿತು. ಅನಂತರ ಪಟ್ಟಿಯನ್ನು ಹೊಸದಾಗಿ ಸಿದ್ಧಪಡಿಸಲು ‘ಕೇರ್’ ಎಂಬ ಹೆಸರಿನ ಒಕ್ಕೂಟವು ರೂಪುಗೊಂಡಿತು; ಪುಣೆಯ ವಿಶ್ವವಿದ್ಯಾನಿಲಯವು ಪತ್ರಿಕೆಗಳ ವಿಶ್ಲೇಷಣೆಯ ಕೇಂದ್ರವಾಯಿತು; ತೇಜಪುರ, ಹೈದರಾಬಾದು, ಬರೋಡ, ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾನಿಲಯಗಳು ಪ್ರಾದೇಶಿಕ ಹೊಣೆಯನ್ನು ಹೊತ್ತುವು.

ಈ ವೃತ್ತಾಂತದಲ್ಲಿ ರೋಗವೂ ಚಿಕಿತ್ಸೆಯೂ ಒಂದೇ ಮೂಲದಿಂದ ಬಂದಿವೆಯೆಂಬುದು ವಿಶೇಷ ಗಮನಕ್ಕೆ ಅರ್ಹವಾಗಿದೆ. ಯೋಗ್ಯತೆಯಿಲ್ಲದ ಪತ್ರಿಕೆಗಳನ್ನು ಓದದೆಯೇ ಶಿಫಾರಸು ಮಾಡಿದವು ವಿಶ್ವವಿದ್ಯಾನಿಲಯಗಳು. ಕುಳಿತು ಓದಿ ದೋಷವನ್ನು ಬಯಲಿಗೆ ತಂದುದೂ ಒಂದು ವಿಶ್ವವಿದ್ಯಾನಿಲಯ. ಆದುದರಿಂದ ಕೇಂದ್ರದ ಅಧಿಕಾರ ಎಷ್ಟಿರಬೇಕು, ವಿದ್ಯಾಸಂಸ್ಥೆಗಳ ಸ್ವಾತಂತ್ರ್ಯ ಎಷ್ಟಿರಬೇಕೆಂಬ ಹಳೆಯ ಚರ್ಚೆಯು ನಮ್ಮನ್ನು ಬಹುದೂರ ಕೊಂಡೊಯ್ಯಲಾರದು. ವಿಭಾಗದ ಮಟ್ಟದಲ್ಲಿ ಯಾರು ಏನನ್ನು ಎಷ್ಟು ಶ್ರದ್ಧೆಯಿಂದ ಓದುತ್ತಿದ್ದಾರೆ ಎಂಬುದೇ ಮುಖ್ಯ ಪ್ರಶ್ನೆ. 2022ರ ನಿಯಮದಲ್ಲಿ ಪೂರ್ವಪ್ರಕಟಣೆಯ ಕಡ್ಡಾಯವು ಹೋಯಿತು. 2025ರ ಆರಂಭದಲ್ಲಿ ಕೇರ್ ಪಟ್ಟಿಯನ್ನೇ ಆಯೋಗವು ಕೈಬಿಟ್ಟು, ಪತ್ರಿಕೆಗಳ ಯೋಗ್ಯತೆಯನ್ನು ಅಳೆಯುವ ಕೆಲಸವನ್ನು ಸಂಸ್ಥೆಗಳಿಗೇ ಬಿಟ್ಟುಕೊಟ್ಟಿತು. ಹೊಣೆಯು ಹೀಗೆ ಮರಳಿ ಬಂದಿರುವಾಗ ಅದನ್ನು ಹೊರಲು ನಾವು ಸಿದ್ಧರಾಗಿರುವೆವೆ?

ಕೃತಿಚೌರ್ಯವನ್ನು ಕುರಿತ 2018ರ ನಿಯಮವನ್ನೇ ತೆಗೆದುಕೊಳ್ಳೋಣ. ಸಾದೃಶ್ಯವು ಶೇಕಡ 10ರವರೆಗೆ ಇದ್ದರೆ ದಂಡವಿಲ್ಲ; 40ರವರೆಗೆ ಇದ್ದರೆ ಪ್ರಬಂಧವನ್ನು ತಿದ್ದಿ ಆರು ತಿಂಗಳೊಳಗೆ ಮತ್ತೆ ಸಲ್ಲಿಸಬೇಕು; 60ರವರೆಗೆ ಒಂದು ವರ್ಷದ ತಡೆ; ಅದನ್ನು ಮೀರಿದರೆ ನೋಂದಣಿಯೇ ರದ್ದು. ತಂತ್ರಾಂಶವು ಪದಗಳ ಹೋಲಿಕೆಯನ್ನು ಹಿಡಿದುಕೊಡಬಲ್ಲದು. ಆದರೆ ಹಳಗನ್ನಡ ಶಾಸನವೊಂದರ ಪಾಠವನ್ನು ತಪ್ಪಾಗಿ ಓದಿ, ಆ ತಪ್ಪಿನ ಮೇಲೆ ಒಂದು ರಾಜವಂಶದ ಕಾಲನಿರ್ಣಯವನ್ನು ಕಟ್ಟಿದ ಪ್ರಬಂಧವು ಸಾದೃಶ್ಯದ ಪರೀಕ್ಷೆಯಲ್ಲಿ ಸೊನ್ನೆಯನ್ನು ಪಡೆದು ನಿಷ್ಕಳಂಕವಾಗಿ ಹೊರಬರುತ್ತದೆ. ಅದನ್ನು ತಡೆಯಬಲ್ಲವನು ಲಿಪಿಯನ್ನೂ ಛಂದಸ್ಸನ್ನೂ ಬಲ್ಲ ಪರೀಕ್ಷಕನೊಬ್ಬನೇ. ಈ ನಿಯಮವೇ ಮೊದಲ ವಿಚಾರಣೆಯನ್ನು ವಿಭಾಗದ ಸಮಿತಿಗೆ ವಹಿಸಿದೆ. ಆ ಸಮಿತಿಯು ವರದಿಯ ಅಂಕಿಯನ್ನಷ್ಟೇ ನೋಡಿ ಸಹಿ ಹಾಕುವುದಾದರೆ ವಿಚಾರಣೆಯು ನಡೆಯಿತೆನ್ನಲು ಬಾರದು. ಕನ್ನಡದ ಸಂಶೋಧನೆಗೆ ಈ ಮಾತು ಇನ್ನೂ ಹೆಚ್ಚಾಗಿ ಸಲ್ಲುತ್ತದೆ. ಅಂತರರಾಷ್ಟ್ರೀಯ ಸೂಚಿಗಳು ನಮ್ಮ ಭಾಷೆಯ ಪತ್ರಿಕೆಗಳನ್ನು ಬಹುಮಟ್ಟಿಗೆ ಕಾಣವು. ಇಲ್ಲಿ ಒಳ್ಳೆಯದು ಯಾವುದು, ಹುಸಿ ಯಾವುದು ಎಂದು ಹೇಳಬಲ್ಲ ಬೇರೊಬ್ಬ ನ್ಯಾಯಾಧಿಪತಿಯು ನಮಗಿಲ್ಲ.

ಈ ದಿಸೆಯಲ್ಲಿ ಒಂದು ಕ್ರಮವನ್ನು ಸೂಚಿಸಬಯಸುತ್ತೇನೆ. ಗಾಂಧಿನಗರದ ಇನ್ಫ್ಲಿಬ್‌ನೆಟ್ ಕೇಂದ್ರವು ನಡೆಸುತ್ತಿರುವ ‘ಶೋಧಗಂಗಾ’ ಭಂಡಾರದಲ್ಲಿ ಮಹಾಪ್ರಬಂಧಗಳು ಇಂದು ಎಲ್ಲರ ಓದಿಗೂ ತೆರೆದಿವೆ. ಆದರೆ ಅವುಗಳನ್ನು ಅಂಗೀಕರಿಸಿದ ಪರೀಕ್ಷಕರು ಏನೆಂದರು, ಯಾವ ಆಕ್ಷೇಪವನ್ನೆತ್ತಿದರು, ಮೌಖಿಕ ಪರೀಕ್ಷೆಯಲ್ಲಿ ಅಭ್ಯರ್ಥಿಯು ಅದಕ್ಕೆ ಹೇಗೆ ಉತ್ತರಿಸಿದನು ಎಂಬ ಸಂಗತಿಗಳು ಕಚೇರಿಯ ಕಡತದಲ್ಲಿಯೇ ಉಳಿಯುತ್ತವೆ. ಪ್ರಬಂಧದೊಡನೆ ಪರೀಕ್ಷಕರ ವರದಿಗಳನ್ನೂ ಅವರವರ ಹೆಸರಿನೊಡನೆ ಪ್ರಕಟಿಸುವ ಸಂಪ್ರದಾಯವನ್ನು ನಮ್ಮ ವಿಶ್ವವಿದ್ಯಾನಿಲಯಗಳು, ದೆಹಲಿಯ ಅಪ್ಪಣೆಗಾಗಿ ಕಾಯದೆ, ತಮ್ಮ ವಿದ್ಯಾವಿಷಯಕ ಪರಿಷತ್ತುಗಳ ನಿರ್ಣಯದಿಂದಲೇ ಆರಂಭಿಸಬಹುದು. ನಾಲ್ಕು ಸಾಲಿನ ಪ್ರಶಂಸೆಯನ್ನು ಬರೆದು ಕಳುಹಿಸುವ ಅಭ್ಯಾಸವು ಆಗ ಕಠಿನವಾದೀತು. ನಿಷ್ಠುರವಾಗಿ ಓದುವ ವಿದ್ವಾಂಸರ ಪರಿಶ್ರಮಕ್ಕೆ ತಕ್ಕ ಮನ್ನಣೆಯೂ ದೊರೆತೀತು. ಕರ್ಣಾಟಕದ ಎರಡು ಮೂರು ವಿಶ್ವವಿದ್ಯಾನಿಲಯಗಳು ಕೂಡಿ ಕನ್ನಡ ಅಧ್ಯಯನ, ಇತಿಹಾಸ ಮತ್ತು ಶಾಸನಶಾಸ್ತ್ರಗಳಲ್ಲಿ ಇದನ್ನು ಮೊದಲು ಆಚರಣೆಗೆ ತಂದರೆ, ಬೆಂಗಳೂರಿನಲ್ಲಿಯೇ 1994ರಿಂದ ಕಾರ್ಯನಿರತವಾಗಿರುವ ರಾಷ್ಟ್ರೀಯ ಮೌಲ್ಯಮಾಪನ ಮತ್ತು ಮಾನ್ಯತಾ ಪರಿಷತ್ತಿಗೆ ಲೇಖನಗಳ ಸಂಖ್ಯೆಯ ಕೋಷ್ಟಕದ ಜೊತೆಯಲ್ಲಿಯೇ ಪರಿಶೀಲನೆಗೆ ಒಪ್ಪಿಸಲು ಅಂಥ ಐದು ವರ್ಷಗಳ ವರದಿಗಳು ನಮ್ಮ ಕೈಯಲ್ಲಿರುತ್ತವೆ.