ಅರಿವು-ವರ್ತನಾ ಚಿಕಿತ್ಸೆ (ಖಿನ್ನತೆಗೆ)

ಖಿನ್ನತೆಗೆ ನೀಡುವ ಮಾತಿನ ಚಿಕಿತ್ಸೆಗಳಲ್ಲಿ ಅತಿ ಹೆಚ್ಚು ಪರೀಕ್ಷೆಗೆ ಒಳಗಾದವುಗಳಲ್ಲೊಂದು. ವೈದ್ಯರ ಬಾಯಲ್ಲಿ ಸಿಬಿಟಿ. ಫಿಲಡೆಲ್ಫಿಯಾದ ಮನೋವೈದ್ಯ ಆರನ್ ಬೆಕ್ (1921–2021) 1960ರ ದಶಕದಲ್ಲಿ ಇದಕ್ಕೆ ತಳಹದಿ ಹಾಕಿದರು. ಖಿನ್ನತೆಯೆಂದರೆ ಒಳಮುಖವಾದ ಸಿಟ್ಟು ಎಂಬ ಫ್ರಾಯ್ಡ್ ಪಂಥದ ಮಾತನ್ನು ಸಾಬೀತುಪಡಿಸಹೊರಟ ಅವರಿಗೆ ರೋಗಿಗಳ ಕನಸುಗಳಲ್ಲಿ ಕಂಡದ್ದು ಸೋಲು ಮತ್ತು ನಷ್ಟ. ಬೆಕ್ ಪ್ರಕಾರ, ತನ್ನ ಬಗ್ಗೆ, ಜಗತ್ತಿನ ಬಗ್ಗೆ, ನಾಳೆಯ ಬಗ್ಗೆ ಕತ್ತಲನ್ನೇ ಕಾಣುವ ಯೋಚನೆಗಳು ರೋಗಿಗೆ ತಾವಾಗಿಯೇ ಬರುತ್ತವೆ, ನಿಜವೆಂದೇ ತೋರುತ್ತವೆ.

ಗೆಳೆಯ ಫೋನ್ ಎತ್ತಲಿಲ್ಲ ಎನ್ನಿ. ಕೂಡಲೇ ‘ನಾನು ಯಾರಿಗೂ ಬೇಡ’ ಎನ್ನಿಸುತ್ತದೆ. ಚಿಕಿತ್ಸಕರು ಬರೀ ಸಮಾಧಾನ ಹೇಳುವುದಿಲ್ಲ. ಅದಕ್ಕೆ ಆಧಾರವೇನು, ಬೇರೆ ಕಾರಣವಿರಬಹುದೇ ಎಂದು ಕೇಳಿ ಬರೆಸುತ್ತಾರೆ. ‘ಒಳ್ಳೆಯದನ್ನೇ ಯೋಚಿಸಿ’ ಎಂಬ ಉಪದೇಶವಲ್ಲ ಇದು. ಹಾಸಿಗೆಯಿಂದ ಏಳಲಾಗದವರಿಗೆ ಮೊದಲು ಸ್ನಾನ, ಸಣ್ಣ ನಡಿಗೆಯಂಥ ಕೆಲಸಗಳ ದಿನಚರಿ. ಸಾಮಾನ್ಯವಾಗಿ ವಾರಕ್ಕೊಮ್ಮೆಯಂತೆ 12ರಿಂದ 20 ಭೇಟಿ, ನಡುವೆ ಹೋಮ್‌ವರ್ಕ್.

ಸೌಮ್ಯ, ಮಧ್ಯಮ ಖಿನ್ನತೆಯಲ್ಲಿ ಫಲ ಔಷಧಿಗೆ ಹತ್ತಿರ. ತೀವ್ರವಾದಾಗ ಎರಡನ್ನೂ ಕೂಡಿಸುವುದು ರೂಢಿ. ತರಬೇತಾದ ಮನಶ್ಶಾಸ್ತ್ರಜ್ಞರ ಕೊರತೆಯೇ ಭಾರತದಲ್ಲಿ ದೊಡ್ಡ ತೊಡಕು. ಬೆಂಗಳೂರಿನ ನಿಮ್ಹಾನ್ಸ್ ಅಂಥವರನ್ನು ತಯಾರು ಮಾಡುತ್ತದೆ. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸಿಬಿಟಿಯ ವರ್ತನಾ ಭಾಗವನ್ನು ತರಬೇತಿ ಪಡೆದ ಸಾಮಾನ್ಯ ಜನರೇ ನೀಡಿ ಫಲ ಕಂಡಿದ್ದಾರೆ.