ಹಾಲಿ ಸಿಕ್ಕಾ ಮತ್ತು ಕಲ್ದಾರ್: ಬೀದರ್ ಸೀಮೆಯ ಎರಡು ರೂಪಾಯಿಗಳ ವಿನಿಮಯ

ಹಾಲಿ ಸಿಕ್ಕಾ ಎಂಬುದು ಹೈದರಾಬಾದ್ ಸಂಸ್ಥಾನದ ರೂಪಾಯಿ; ಕಲ್ದಾರ್ ಎಂಬುದು ಬ್ರಿಟಿಷ್ ಭಾರತದ ರೂಪಾಯಿಗೆ ಸಂಸ್ಥಾನದಲ್ಲಿ ಬಳಕೆಯಲ್ಲಿದ್ದ ಹೆಸರು. ಬೀದರ್, ಭಾಲ್ಕಿ ಮತ್ತು ಔರಾದ್ 1956ರ ವರೆಗೆ ಹೈದರಾಬಾದಿನ ಬೀದರ್ ಜಿಲ್ಲೆಯಲ್ಲಿದ್ದುದರಿಂದ ಇಲ್ಲಿನ ಕಂದಾಯ, ಸಂಬಳ, ಸಂತೆಯ ವ್ಯವಹಾರಗಳು ಹಾಲಿಯಲ್ಲಿ ನಡೆದವು. ಸಂಸ್ಥಾನದ ಗಡಿಯಾಚೆ, ಸೊಲ್ಲಾಪುರದಂಥ ಬ್ರಿಟಿಷ್ ಆಡಳಿತದ ಪೇಟೆಗಳಲ್ಲಿ, ಕಲ್ದಾರ್ ಬೇಕಾಗುತ್ತಿತ್ತು. ಕೊನೆಗೆ ನೆಲೆನಿಂತ ದರ 7 ಹಾಲಿಗೆ 6 ಕಲ್ದಾರ್.

ಹಿನ್ನೆಲೆ

ಎರಡು ರಾಜ್ಯಗಳ ನಾಣ್ಯಗಳ ಪೈಪೋಟಿ ಈ ಸೀಮೆಗೆ ಹೊಸದಲ್ಲ. ಬಹಮನಿ ಸುಲ್ತಾನ ಒಂದನೆಯ ಮುಹಮ್ಮದ್ ಷಾ (ಆಳ್ವಿಕೆ 1358–75) ಹೊಡೆಸಿದ ನಾಣ್ಯಗಳನ್ನು ಸರಾಫರು ಕರಗಿಸಿಬಿಡುತ್ತಿದ್ದರು, ಜನ ವಿಜಯನಗರದ ಹೊನ್ನನ್ನೇ ನೆಚ್ಚುತ್ತಿದ್ದರು, ಇದಕ್ಕಾಗಿ ಸುಲ್ತಾನ ಸರಾಫರನ್ನು ಕಠಿಣವಾಗಿ ದಂಡಿಸಿದ ಎಂದು ಇತಿಹಾಸಕಾರ ಫಿರಿಷ್ತಾ ಬರೆದಿದ್ದಾನೆ. 15ನೆಯ ಶತಮಾನದಲ್ಲಿ ಬೀದರ್ ಬಹಮನಿ ರಾಜಧಾನಿಯಾದಾಗ ಇಲ್ಲಿನ ಟಂಕಸಾಲೆಯ ನಾಣ್ಯಗಳು ಮುಹಮ್ಮದಾಬಾದ್ ಎಂಬ ಹೆಸರು ಹೊತ್ತು ಹೊರಬಂದವು. 1657ರಲ್ಲಿ ಔರಂಗಜೇಬ್ ಕೋಟೆಯನ್ನು ಗೆದ್ದ ಮೇಲೆ ಊರಿನ ಹೆಸರು ಜಫರಾಬಾದ್ ಆಯಿತು. ಮೊಗಲರ ನಾಣ್ಯಗಳ ಮೇಲೂ ಆ ಹೆಸರೇ ಬಂತು. 1724ರ ನಂತರ ದಖನ್ ಆಸಫ್‌ಜಾಹಿ ನಿಜಾಮರ ಕೈಸೇರಿತು.

ಹಾಲಿ ಸಿಕ್ಕಾದ ಹುಟ್ಟು

19ನೆಯ ಶತಮಾನದ ಮೊದಲರ್ಧದಲ್ಲಿ ಸಂಸ್ಥಾನದ ಒಳಗೇ ಹಲವು ಬಗೆಯ ರೂಪಾಯಿಗಳು ಓಡಾಡುತ್ತಿದ್ದವು. ನಾರಾಯಣಪೇಟೆ, ಗದ್ವಾಲದಂಥ ಕಡೆಗಳಲ್ಲಿ ಬೇರೆ ಬೇರೆ ಟಂಕಸಾಲೆಗಳಿದ್ದವು. ತೂಕ, ಬೆಳ್ಳಿಯ ಶುದ್ಧತೆ ಒಂದಕ್ಕೊಂದು ಹೊಂದದ ಕಾರಣ ನಾಣ್ಯ ಬದಲಿಸುವಾಗಲೆಲ್ಲ ವಟ್ಟ (ವಿನಿಮಯ ಶುಲ್ಕ) ತೆರಬೇಕಿತ್ತು. 1853ರಲ್ಲಿ ದಿವಾನರಾದ ಒಂದನೆಯ ಸಾಲಾರ್ ಜಂಗ್ ನಾಣ್ಯ ಹೊಡೆಯುವ ಕೆಲಸವನ್ನು ಸರ್ಕಾರದ ಹತೋಟಿಗೆ ತಂದು, ಸಂಸ್ಥಾನಕ್ಕೆಲ್ಲ ಒಂದೇ ರೂಪಾಯಿ ಚಲಾವಣೆಯಾಗುವಂತೆ ಮಾಡಲು ತೊಡಗಿದರು. 1857ರ ದಂಗೆಯ ಬಳಿಕ ನಾಣ್ಯದ ಮೇಲಿದ್ದ ಮೊಗಲ್ ಬಾದಷಹನ ಹೆಸರು ಹೋಗಿ ಆಸಫ್‌ಜಾಹನ ಹೆಸರು ಬಂತು. ಹೀಗೆ ರೂಢಿಗೆ ಬಂದದ್ದೇ ಹಾಲಿ ಸಿಕ್ಕಾ. ಒಂದು ರೂಪಾಯಿಗೆ 16 ಆಣೆ, ಒಂದು ಆಣೆಗೆ 12 ಪೈ ಎಂಬ ಲೆಕ್ಕ ಎರಡೂ ರೂಪಾಯಿಗಳಿಗೆ ಒಂದೇ ಆಗಿತ್ತು.

ಬೆಳ್ಳಿಯ ಲೆಕ್ಕ

ದರದ ಬೇರು ಇದ್ದದ್ದು ಬೆಳ್ಳಿಯಲ್ಲಿ. ಕಲ್ದಾರಿನ ತೂಕ 180 ಗ್ರೇನ್ (11.66 ಗ್ರಾಂ). ಅದರ ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಅಪ್ಪಟ ಬೆಳ್ಳಿ, ಅಂದರೆ ಸುಮಾರು 10.69 ಗ್ರಾಂ. ಹಾಲಿಯ ತೂಕ 172.5 ಗ್ರೇನ್ (11.18 ಗ್ರಾಂ). ಅದರಲ್ಲಿ ಬೆಳ್ಳಿ ಶೇ 81.8, ಅಂದರೆ ಸುಮಾರು 9.14 ಗ್ರಾಂ. ಬರೀ ಬೆಳ್ಳಿಯನ್ನು ತೂಗಿದರೆ 100 ಕಲ್ದಾರಿಗೆ ಸುಮಾರು 117 ಹಾಲಿ ಸಮ. 7:6ರ ದರ ಇದಕ್ಕೆ ತೀರ ಹತ್ತಿರವಾಗಿದೆ.

ಆದರೆ ಬೆಳ್ಳಿಯ ಬೆಲೆ ತಾನೇ ಸ್ಥಿರವಾಗಿರಲಿಲ್ಲ. 1870ರ ದಶಕದಿಂದ ಜಗತ್ತಿನ ಪೇಟೆಗಳಲ್ಲಿ ಅದು ಕುಸಿಯುತ್ತ ಬಂತು. 1893ರಲ್ಲಿ ಬ್ರಿಟಿಷ್ ಸರ್ಕಾರ ತನ್ನ ಟಂಕಸಾಲೆಗಳಲ್ಲಿ ಜನರು ತಂದ ಬೆಳ್ಳಿಗೆ ರೂಪಾಯಿ ಹೊಡೆದುಕೊಡುವುದನ್ನು ನಿಲ್ಲಿಸಿತು. ಅಲ್ಲಿಂದ ಕಲ್ದಾರಿನ ಮುಖಬೆಲೆ ಅದರೊಳಗಿನ ಬೆಳ್ಳಿಯ ಬೆಲೆಯನ್ನು ಮೀರಿತು. ಎರಡು ನಾಣ್ಯಗಳನ್ನು ಬೆಸೆದಿದ್ದ ಬೆಳ್ಳಿಯ ಕೊಂಡಿ ಕಳಚಿ ದರ ಏರಿಳಿತಕ್ಕೆ ಸಿಕ್ಕಿತು. ಇದರ ಪೆಟ್ಟು ಬೀಳುತ್ತಿದ್ದುದು ಕಲ್ದಾರಿನಲ್ಲಿ ಮಾಲು ಕೊಂಡು ಹಾಲಿಯಲ್ಲಿ ಮಾರುವವರಿಗೆ, ಅವರ ಮೂಲಕ ಕೊಳ್ಳುವವರಿಗೆ.

ಸ್ಥಿರತೆ

ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಕಾಲದಲ್ಲಿ ಹಣಕಾಸಿನ ಹೊಣೆ ಹೊತ್ತ ಜಾರ್ಜ್ ಕ್ಯಾಸನ್ ವಾಕರ್ ನಾಣ್ಯ ಸುಧಾರಣೆಗೆ ಕೈಹಾಕಿದರು. 1904ರ ಹೊತ್ತಿಗೆ ಚಾರ್‌ಮಿನಾರ್ ಚಿತ್ರದ ಯಂತ್ರದಚ್ಚಿನ ರೂಪಾಯಿ ಬಂತು. ಚಾರ್‌ಮಿನಾರಿನ ಬಾಗಿಲ ಕಮಾನಿನೊಳಗೆ ಒಂದೇ ಒಂದು ಅಕ್ಷರ ಕಾಣುತ್ತದೆ: ‘ಮೀಮ್’ ಇದ್ದರೆ ಮಹಬೂಬರದು, ‘ಐನ್’ ಇದ್ದರೆ 1911ರಲ್ಲಿ ಪಟ್ಟಕ್ಕೆ ಬಂದ ಉಸ್ಮಾನ್ ಅಲಿ ಖಾನರದು. ಉಸ್ಮಾನರ ಕಾಲದಲ್ಲಿ ಹಾಲಿಗೆ ಸಿಕ್ಕಾ ಉಸ್ಮಾನಿಯಾ ಎಂಬ ಹೆಸರು ಕಾಗದಪತ್ರಗಳಲ್ಲಿ ನೆಲೆಯೂರಿತು.

ಮುಂದೆ ದರ ಹೀಗೆ ನಿಂತಿತು: 100 ಕಲ್ದಾರಿಗೆ 116 ರೂಪಾಯಿ 10 ಆಣೆ 8 ಪೈ ಹಾಲಿ. ಒಂದು ಕಲ್ದಾರಿಗೆ 1 ರೂಪಾಯಿ 2 ಆಣೆ 8 ಪೈ. ತಿರುಗಿಸಿದರೆ ಲೆಕ್ಕ ಅಷ್ಟು ಸಲೀಸಲ್ಲ: ಒಂದು ಹಾಲಿಗೆ 13 ಆಣೆ 8 ಪೈ ಕಲ್ದಾರ್, ಮೇಲೆ ಅರ್ಧ ಪೈಗಿಂತ ತುಸು ಹೆಚ್ಚು.

ಮೊದಲ ಮಹಾಯುದ್ಧದಲ್ಲಿ ಬೆಳ್ಳಿಯ ಅಭಾವ ತಲೆದೋರಿದಾಗ, 1918ರಲ್ಲಿ, ಸಂಸ್ಥಾನ ತನ್ನದೇ ನೋಟು ಹೊರಡಿಸಿತು. ಲಂಡನ್ನಿನ ವಾಟರ್‌ಲೋ ಕಂಪನಿ ಅಚ್ಚು ಹಾಕಿದ ಈ ನೋಟುಗಳಲ್ಲಿ ಉರ್ದುವಿನ ಜೊತೆಗೆ ಮರಾಠಿ, ತೆಲುಗು, ಕನ್ನಡದಲ್ಲೂ ಮೊತ್ತ ಬರೆದಿರುತ್ತಿತ್ತು. ಈ ಎಲ್ಲ ಭಾಷೆಗಳೂ ಬೆರೆತಿದ್ದ ಬೀದರ್ ಜಿಲ್ಲೆಯಲ್ಲಿ ಅಕ್ಷರ ಬಲ್ಲವರು ತಮ್ಮ ಲಿಪಿಯಲ್ಲೇ ನೋಟು ಓದಬಹುದಿತ್ತು. 1942ರಲ್ಲಿ ಕೆಲಸ ಆರಂಭಿಸಿದ ಹೈದರಾಬಾದ್ ಸ್ಟೇಟ್ ಬ್ಯಾಂಕಿಗೆ ಸಿಕ್ಕಾ ಉಸ್ಮಾನಿಯಾದ ನಿರ್ವಹಣೆಯ ಹೊಣೆ ಬಂತು.

ವಿಲೀನ ಮತ್ತು ಕೊನೆ

1947ರ ನವೆಂಬರಿನಲ್ಲಿ ಭಾರತದೊಡನೆ ಆದ ಯಥಾಸ್ಥಿತಿ ಒಪ್ಪಂದದ ಬೆನ್ನಿಗೇ ನಿಜಾಮ ಸರ್ಕಾರ ಭಾರತದ ರೂಪಾಯಿಗೆ ಸಂಸ್ಥಾನದಲ್ಲಿ ಕಾನೂನು ಮಾನ್ಯತೆ ಇಲ್ಲವೆಂದು ಸುಗ್ರೀವಾಜ್ಞೆ ಹೊರಡಿಸಿತು. ಎರಡು ಸರ್ಕಾರಗಳ ತಕರಾರುಗಳಲ್ಲಿ ಇದೂ ಒಂದಾಯಿತು. ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರವೂ ಹಾಲಿ ಒಮ್ಮೆಗೇ ಮಾಯವಾಗಲಿಲ್ಲ. 1950ರಲ್ಲಿ ಭಾರತದ ರೂಪಾಯಿ 7:6ರ ದರದಲ್ಲಿ ಅದರ ಜೊತೆಗೆ ಬಳಕೆಗೆ ಬಂತು. 1951ರಲ್ಲಿ ಹಾಲಿ ಹೊರಡಿಸುವುದು ನಿಂತಿತು. ಪೂರ್ತಿ ಅಮಾನ್ಯವಾದದ್ದು 1959ರಲ್ಲಿ. ಅಷ್ಟರಲ್ಲಿ, 1956ರ ನವೆಂಬರ್ 1ರಂದು, ಬೀದರ್, ಭಾಲ್ಕಿ, ಔರಾದ್ ಮೈಸೂರು ರಾಜ್ಯಕ್ಕೆ ಸೇರಿದವು. ಉದಗೀರ್, ನಿಲಂಗಾ, ಅಹಮದ್‌ಪುರ ಮುಂಬೈ ರಾಜ್ಯಕ್ಕೂ, ನಾರಾಯಣಖೇಡ್ ಮತ್ತು ಜಹೀರಾಬಾದಿನ ಬಹುಭಾಗ ಆಂಧ್ರಪ್ರದೇಶಕ್ಕೂ ಹೋದವು.

ದಾಖಲೆಗಳಲ್ಲಿ

ಹಳೆಯ ಖರೀದಿ ಪತ್ರ, ಕಂದಾಯದ ಲೆಕ್ಕಗಳಲ್ಲಿ ‘ಓ.ಎಸ್.’ ಎಂದಿದ್ದರೆ ಉಸ್ಮಾನಿಯಾ ಸಿಕ್ಕಾ, ‘ಐ.ಜಿ.’ ಎಂದಿದ್ದರೆ ಭಾರತ ಸರ್ಕಾರದ ರೂಪಾಯಿ. 700 ರೂಪಾಯಿ ಓ.ಎಸ್. ಎಂಬ ಮೊತ್ತ 600 ರೂಪಾಯಿ ಐ.ಜಿ.ಗೆ ಸಮ. ತಾರೀಖು ಫಸಲಿ ವರ್ಷದಲ್ಲಿ (ಸಂಸ್ಥಾನದ ಕಂದಾಯ ವರ್ಷದಲ್ಲಿ) ಇದ್ದರೆ ಸುಮಾರು 590 ಕೂಡಿಸಬೇಕು: 1350 ಫಸಲಿ ಎಂದರೆ 1940–41. ಬೀದರಿನ ಹಳೆಯ ಬೆಲೆ, ಸಂಬಳಗಳನ್ನು ಸೊಲ್ಲಾಪುರದ ಅಥವಾ ಧಾರವಾಡದ ಅಂಕಿಗಳೊಡನೆ ಹೋಲಿಸುವವರು ಮೊದಲು ಯಾವ ರೂಪಾಯಿ ಎಂದು ನೋಡಲೇಬೇಕು. ನೋಡದೆ ಹೋದರೆ ಬೀದರಿನ ಪ್ರತಿ ಅಂಕಿಯೂ ಆರರಲ್ಲಿ ಒಂದು ಪಾಲಿನಷ್ಟು ಉಬ್ಬಿ ಕಾಣುತ್ತದೆ.