ಮೂರು ತಂತಿಗಳ ಸಾಕ್ಷ್ಯ: ಥ್ರಾಟಲ್ ಪೊಸಿಷನ್ ಸೆನ್ಸರ್ ಸರ್ಕ್ಯೂಟಿನ ದೋಷನಿರ್ಣಯ

ಪೆಟ್ರೋಲ್ ಕಾರಿನ ಎಂಜಿನ್ನಿಗೆ ಗಾಳಿ ಒಳಹೋಗುವ ದಾರಿಯಲ್ಲಿ, ಥ್ರಾಟಲ್ ಬಾಡಿಯ ಕೊರಳಿನಲ್ಲಿ, ನಡು ಅಚ್ಚಿನ ಮೇಲೆ ತಿರುಗುವ ಒಂದು ದುಂಡು ತಟ್ಟೆ ಇರುತ್ತದೆ. ಆಕ್ಸಿಲರೇಟರ್ ಒತ್ತಿದಷ್ಟೂ ಅದು ತೆರೆದುಕೊಳ್ಳುತ್ತದೆ. ಎಷ್ಟು ತೆರೆದಿದೆ ಎಂಬುದನ್ನು ಎಂಜಿನ್ ನಿಯಂತ್ರಣ ಕಂಪ್ಯೂಟರಿಗೆ, ಅಂದರೆ ಇಸಿಯುಗೆ, ಕ್ಷಣಕ್ಷಣಕ್ಕೂ ತಿಳಿಸುವ ಭಾಗವೇ ಥ್ರಾಟಲ್ ಪೊಸಿಷನ್ ಸೆನ್ಸರ್; ಗ್ಯಾರೇಜುಗಳಲ್ಲಿ ಟಿಪಿಎಸ್ ಎಂದೇ ಹೆಸರು. ಎಂಜಿನ್ ಐಡಲಿನಲ್ಲಿದೆಯೇ, ಚಾಲಕ ಒಮ್ಮೆಲೇ ವೇಗ ಬಯಸಿದ್ದಾನೆಯೇ, ಇಳಿಜಾರಿನಲ್ಲಿ ಕಾಲು ತೆಗೆದಿದ್ದಾನೆಯೇ ಎಂಬುದನ್ನೆಲ್ಲ ಇಸಿಯು ಬಹುಪಾಲು ಈ ಸೆನ್ಸರಿನ ಮಾತಿನಿಂದಲೇ ತೀರ್ಮಾನಿಸುತ್ತದೆ. ಆ ಮಾತು ಕೆಟ್ಟಾಗ ಐಡಲ್ ಏರಿಳಿಯುವುದು, ಪಿಕಪ್ ಕೊಡುವಾಗ ಕಾರು ಜಗ್ಗುವುದು, ಆಟೊಮ್ಯಾಟಿಕ್ ಗೇರು ತಡವಾಗಿ ಬೀಳುವುದು, ಎಂಜಿನ್ ಲೈಟ್ ಹತ್ತುವುದು ಮುಂತಾದ ಲಕ್ಷಣಗಳು ಕಾಣಿಸುತ್ತವೆ.

ಈ ಸೆನ್ಸರಿನ ಹಿಂದಿನ ರೂಪ ಬರೀ ಸ್ವಿಚ್ಚು. 1970ರ ದಶಕದ ಬಾಷ್ ಎಲ್-ಜೆಟ್ರಾನಿಕ್ ಇಂಧನ ವ್ಯವಸ್ಥೆಯಲ್ಲಿ ಥ್ರಾಟಲ್ ಅಚ್ಚಿಗೆ ಎರಡೇ ಸಂಪರ್ಕಗಳಿದ್ದವು: ಒಂದು ಐಡಲಿಗೆ, ಇನ್ನೊಂದು ಪೂರ್ಣ ತೆರೆತಕ್ಕೆ. ನಡುವಿನದೇನೂ ಅದಕ್ಕೆ ತಿಳಿಯುತ್ತಿರಲಿಲ್ಲ. ಮುಂದೆ ಬಂದ ಮೋನೊ-ಜೆಟ್ರಾನಿಕ್‌ನಲ್ಲಿ ಗಾಳಿಯನ್ನು ನೇರವಾಗಿ ಅಳೆಯುವ ಸಾಧನವೇ ಇರಲಿಲ್ಲ. ಥ್ರಾಟಲ್ ಕೋನ ಮತ್ತು ಎಂಜಿನ್ ವೇಗ ಇವೆರಡರಿಂದಲೇ ಗಾಳಿಯ ಪ್ರಮಾಣವನ್ನು ಲೆಕ್ಕ ಹಾಕಬೇಕಿತ್ತು. ಹಾಗಾಗಿ ಅದರ ಸೆನ್ಸರಿಗೆ ಎರಡು ರೋಧಪಟ್ಟಿಗಳು. ಮೊದಲ 24 ಡಿಗ್ರಿಗಳ ಸೂಕ್ಷ್ಮ ಚಲನೆಗೆಂದೇ ಒಂದು ಪಟ್ಟಿ ಮೀಸಲು. ತಟ್ಟೆ ಮುಚ್ಚಿದ ಸ್ಥಿತಿಯ ಆಸುಪಾಸಿನಲ್ಲಿ ಒಂದೆರಡು ಡಿಗ್ರಿ ಕೋನ ಬದಲಾದರೂ ಗಾಳಿಯ ಪ್ರಮಾಣ ಬಹಳ ಬದಲಾಗುತ್ತದೆ. ಈ ಸಂಗತಿ ದೋಷನಿರ್ಣಯದಲ್ಲಿಯೂ ಮತ್ತೆ ಮತ್ತೆ ಎದುರಾಗುತ್ತದೆ.

ಕೇಬಲ್ ಥ್ರಾಟಲ್ ಇರುವ ಕಾರುಗಳ ಸಾಮಾನ್ಯ ಟಿಪಿಎಸ್‌ಗೆ ಮೂರು ತಂತಿಗಳು. ಒಂದರಲ್ಲಿ ಇಸಿಯು 5 ವೋಲ್ಟ್ ಕಳಿಸುತ್ತದೆ. ಇದು ಆಧಾರ ತಂತಿ. ಇನ್ನೊಂದು ಇಸಿಯುವಿನ ಒಳಗಿನ ಅರ್ಥ್‌ಗೆ ಮರಳುತ್ತದೆ. ಇವೆರಡರ ನಡುವೆ ಕೆಲವು ಸಾವಿರ ಓಮ್‌ಗಳ ಇಂಗಾಲದ ರೋಧಪಟ್ಟಿ ಇರುತ್ತದೆ. ಥ್ರಾಟಲ್ ಅಚ್ಚಿನ ಜೊತೆ ತಿರುಗುವ ಪುಟ್ಟ ಲೋಹದ ಬೆರಳು ಆ ಪಟ್ಟಿಯ ಮೇಲೆ ಜಾರುತ್ತ, ತಾನಿರುವ ಜಾಗದ ವೋಲ್ಟೇಜನ್ನು ಮೂರನೆಯ ತಂತಿಯ, ಅಂದರೆ ಸಂಕೇತ ತಂತಿಯ, ಮೂಲಕ ಇಸಿಯುಗೆ ಮುಟ್ಟಿಸುತ್ತದೆ. ತಟ್ಟೆ ಮುಚ್ಚಿದಾಗ ಸುಮಾರು 0.5 ವೋಲ್ಟ್, ಪೂರ್ತಿ ತೆರೆದಾಗ ಸುಮಾರು 4.5 ವೋಲ್ಟ್. ನಿಖರ ಅಂಕಿಗಳು ಕಾರಿನಿಂದ ಕಾರಿಗೆ ಬೇರೆಯಾದರೂ ಕ್ರಮ ಇದೇ.

ಸೊನ್ನೆಯಿಂದ ಐದರವರೆಗೆ ಪೂರ್ತಿ ಬಳಸದೆ ಎರಡೂ ತುದಿಗಳಲ್ಲಿ ಅರ್ಧರ್ಧ ವೋಲ್ಟ್ ಖಾಲಿ ಬಿಟ್ಟಿರುವುದರಲ್ಲಿ ಜಾಣತನವಿದೆ. ಮುಚ್ಚಿದ ಥ್ರಾಟಲ್‌ಗೆ ಸೊನ್ನೆ ವೋಲ್ಟ್ ಎಂದು ಗೊತ್ತುಮಾಡಿದ್ದರೆ, ತಂತಿ ತುಂಡಾದಾಗ ಬರುವ ಸೊನ್ನೆಗೂ ಐಡಲಿನ ಸೊನ್ನೆಗೂ ವ್ಯತ್ಯಾಸವೇ ತಿಳಿಯುತ್ತಿರಲಿಲ್ಲ. ಖಾಲಿ ಬಿಟ್ಟ ಅಂಚು ದೋಷಕ್ಕೆಂದೇ ಮೀಸಲಾದ ಜಾಗ. ಸಂಕೇತ ಸುಮಾರು 0.2 ವೋಲ್ಟಿಗಿಂತ ಕೆಳಗಿಳಿದರೆ ಇಸಿಯು ಪಿ0122 ಎಂಬ ಕೋಡ್ ದಾಖಲಿಸುತ್ತದೆ; 4.8ರ ಆಚೆ ಹೋದರೆ ಪಿ0123. ಬಂದುಹೋಗುವ ದೋಷಕ್ಕೆ ಪಿ0124. ವೋಲ್ಟೇಜ್ ಮಿತಿಯೊಳಗೇ ಇದ್ದು ಎಂಜಿನ್ನಿನ ಉಳಿದ ಮಾಹಿತಿಗೆ ತಾಳೆಯಾಗದಿದ್ದರೆ ಪಿ0121. ಭಾರತದಲ್ಲಿ ಬಿಎಸ್-4 ಕಾರುಗಳಿಗೆ 2013ರ ಏಪ್ರಿಲ್‌ನಿಂದ ಒಬಿಡಿಯ, ಅಂದರೆ ಕಾರು ತನ್ನ ದೋಷವನ್ನು ತಾನೇ ಪತ್ತೆಹಚ್ಚುವ ವ್ಯವಸ್ಥೆಯ, ಎರಡನೆಯ ಹಂತ ಕಡ್ಡಾಯವಾದ ಮೇಲೆ ಈ ಕೋಡುಗಳನ್ನು ಸಾಧಾರಣ ಸ್ಕ್ಯಾನರಿನಲ್ಲೂ ಓದಬಹುದಾಗಿದೆ.

ಓದಿದ್ದನ್ನು ಅರ್ಥೈಸುವಲ್ಲಿಯೇ ಎಡವಟ್ಟು. ಪಿ0122 ಎಂಬುದರ ಅರ್ಥ ‘ಈ ಸರ್ಕ್ಯೂಟಿನಿಂದ ಬರುವ ವೋಲ್ಟೇಜ್ ಕಡಿಮೆ’ ಎಂದಷ್ಟೇ. ಸೆನ್ಸರ್ ಕೆಟ್ಟಿದೆ ಎಂದು ಅದು ಎಲ್ಲಿಯೂ ಹೇಳುವುದಿಲ್ಲ. ಕೋಡ್ ನೋಡಿದೊಡನೆ ಸೆನ್ಸರ್ ಬದಲಿಸುವ ಅಭ್ಯಾಸ ಎಷ್ಟು ಬೇರೂರಿದೆಯೆಂದರೆ, ಹೊಸ ಸೆನ್ಸರ್ ಹಾಕಿದ ಮೇಲೂ ಅದೇ ಕೋಡ್ ಮರಳಿದಾಗ ‘ಡೂಪ್ಲಿಕೇಟ್ ಮಾಲು’ ಎಂದು ಎರಡನೆಯದನ್ನು ತರಿಸುವುದೂ ಉಂಟು. ಮೂರು ತಂತಿಗಳಲ್ಲಿ ಯಾವುದು ಕಡಿದರೆ ವೋಲ್ಟೇಜ್ ಯಾವ ಕಡೆ ಓಡುತ್ತದೆ ಎಂಬ ಲೆಕ್ಕ ಗೊತ್ತಿದ್ದರೆ ಈ ಖರ್ಚು ತಪ್ಪುತ್ತದೆ.

ಸಂಕೇತ ತಂತಿಯ ಇಸಿಯು ತುದಿಯಲ್ಲಿ ಒಂದು ದೊಡ್ಡ ರೋಧ ಇರುತ್ತದೆ. ಹಲವು ವಿನ್ಯಾಸಗಳಲ್ಲಿ ಅದು ತಂತಿಯನ್ನು ಅರ್ಥ್ ಕಡೆಗೆ ಎಳೆದಿಟ್ಟಿರುತ್ತದೆ (ಪುಲ್‌ಡೌನ್), ಕೆಲವದರಲ್ಲಿ 5 ವೋಲ್ಟ್ ಕಡೆಗೆ (ಪುಲ್‌ಅಪ್). ಪುಲ್‌ಡೌನ್ ಇರುವ ಸರ್ಕ್ಯೂಟನ್ನು ತೆಗೆದುಕೊಂಡರೆ, ಸಂಕೇತ ತಂತಿ ತುಂಡಾದಾಗ ಇಸಿಯುಗೆ ಸೊನ್ನೆ ಕಾಣುತ್ತದೆ. ಆಧಾರ ತಂತಿ ತುಂಡಾದರೂ ಸೊನ್ನೆಯೇ, ಯಾಕೆಂದರೆ ಬೆರಳಿಗೆ ಉಳಿಯುವ ದಾರಿ ಅರ್ಥ್ ಒಂದೇ. ಅರ್ಥ್ ತಂತಿ ಕಡಿದರೆ ಮಾತ್ರ ಕತೆ ತಿರುಗುಮುರುಗು: ಪಟ್ಟಿಯಲ್ಲಿ ಕರೆಂಟ್ ಹರಿಯುವುದೇ ನಿಂತು, ಬೆರಳು ಎಲ್ಲಿದ್ದರೂ ಸುಮಾರು 5 ವೋಲ್ಟ್ ತೋರುತ್ತದೆ, ಪಿ0123 ಬೀಳುತ್ತದೆ. ‘ವೋಲ್ಟೇಜ್ ಜಾಸ್ತಿ’ ಎಂಬ ಕೋಡಿಗೆ ಇಲ್ಲದ ಅರ್ಥ್ ಕಾರಣವಾಗಬಹುದು ಎನ್ನುವುದು ಮೊದಲ ಸಲ ಕೇಳಿದವರಿಗೆ ವಿಚಿತ್ರವೆನಿಸುತ್ತದೆ. ಪುಲ್‌ಅಪ್ ಇರುವ ಕಾರಿನಲ್ಲಿ ಸಂಕೇತ ತಂತಿ ಕಡಿದಾಗಲೂ ಪಿ0123ಯೇ ಬರುತ್ತದೆ. ಆದ್ದರಿಂದ ಆ ಕಾರಿನ ವೈರಿಂಗ್ ನಕ್ಷೆ ನೋಡದೆ ಕೋಡನ್ನು ಅರ್ಥೈಸುವಂತಿಲ್ಲ.

ಪೂರ್ತಿ ಕಡಿದ ತಂತಿ ಹುಡುಕುವುದು ಸುಲಭ. ಅರೆಬರೆ ಕೆಟ್ಟದ್ದೇ ಕಾಡುವುದು. ಸೆನ್ಸರಿಗೆ ತಂತಿಗಳನ್ನು ಜೋಡಿಸುವ ಕಪ್ಲರಿನೊಳಗೆ ನೀರು ಸೇರಿ ಪಿನ್ನಿನ ಮೇಲೆ ಹಸಿರು ಕಿಲುಬು ಹಿಡಿದು, ಅಲ್ಲಿ 500 ಓಮ್ ರೋಧ ಹುಟ್ಟಿಕೊಂಡಿದೆ ಎಂದಿಟ್ಟುಕೊಳ್ಳಬಹುದು. ರೋಧಪಟ್ಟಿ 5,000 ಓಮ್‌ನದು; ಥ್ರಾಟಲ್ ಮುಚ್ಚಿದಾಗ ಬೆರಳು ಪಟ್ಟಿಯ ಶೇ. 10ರ ಜಾಗದಲ್ಲಿ, ತೆರೆದಾಗ ಶೇ. 90ರ ಜಾಗದಲ್ಲಿ ನಿಲ್ಲುತ್ತದೆ. ಎಲ್ಲ ಸರಿಯಿದ್ದಾಗ ಪಟ್ಟಿಯಲ್ಲಿ ಹರಿಯುವುದು 1 ಮಿಲಿಆಂಪಿಯರ್, ಓದು 0.5 ಮತ್ತು 4.5 ವೋಲ್ಟ್.

ಕಿಲುಬು ಅರ್ಥ್ ಪಿನ್ನಿನಲ್ಲಿದ್ದರೆ ಕರೆಂಟ್ 0.91 ಮಿಲಿಆಂಪಿಯರಿಗೆ ಇಳಿಯುತ್ತದೆ, ಪಟ್ಟಿಯ ತಳವೇ 0.45 ವೋಲ್ಟಿಗೆ ಏರುತ್ತದೆ. ಮುಚ್ಚಿದ ಥ್ರಾಟಲ್‌ನ ಓದು 0.91 ವೋಲ್ಟ್ ಆಗುತ್ತದೆ, ತೆರೆದದ್ದು 4.55, ಹೆಚ್ಚುಕಡಿಮೆ ಮೊದಲಿನಷ್ಟೇ. ಎರಡೂ ಮಿತಿಯೊಳಗೇ ಇರುವುದರಿಂದ ಕೋಡ್ ಬೀಳಲಿಕ್ಕಿಲ್ಲ. ಆದರೆ ಕಾಲು ಪೂರ್ತಿ ತೆಗೆದಿದ್ದರೂ ಥ್ರಾಟಲ್ ಶೇ. 10ರಷ್ಟು ತೆರೆದಿದೆ ಎಂದು ಇಸಿಯು ನಂಬುತ್ತದೆ. ಐಡಲ್ ನಿಯಂತ್ರಣ ತಪ್ಪುತ್ತದೆ, ಕಾಲು ತೆಗೆದಾಗ ಇಂಧನ ನಿಲ್ಲಿಸುವ ಕ್ರಿಯೆ ನಡೆಯುವುದಿಲ್ಲ. ಕೀಲಿ ತಿರುಗಿಸಿದಾಗ ಕಂಡ ಅತಿ ಕಡಿಮೆ ಓದನ್ನೇ ‘ಮುಚ್ಚಿದ ಸ್ಥಿತಿ’ ಎಂದು ಕಲಿತುಕೊಳ್ಳುವ ಇಸಿಯುಗಳು ಇದನ್ನು ಸ್ವಲ್ಪಮಟ್ಟಿಗೆ ಮುಚ್ಚಿಹಾಕಬಲ್ಲವು, ಕಿಲುಬಿನ ರೋಧ ಬಿಸಿಗೆ, ಅಲುಗಾಟಕ್ಕೆ ಬದಲಾಗುವವರೆಗೆ.

ಅದೇ ಕಿಲುಬು ಆಧಾರ ತಂತಿಯ ಪಿನ್ನಿಗೆ ಹಿಡಿದರೆ ಓದು 0.45 ಮತ್ತು 4.09 ಆಗುತ್ತದೆ. ಐಡಲಿಗೆ ಏನೂ ಆಗದು. ಪೂರ್ಣ ತೆರೆತವನ್ನು ಇಸಿಯು ಗುರುತಿಸದೆ ಏರು ಹತ್ತುವಾಗ ಕಾರು ಸೊರಗಬಹುದು. ಸಂಕೇತ ತಂತಿಗೆ ಹಿಡಿದರೆ ಪರಿಣಾಮವೇ ಇಲ್ಲವೆನ್ನಬಹುದು, ಏಕೆಂದರೆ ಲಕ್ಷಗಟ್ಟಲೆ ಓಮ್‌ಗಳ ಪುಲ್‌ಡೌನ್ ಎದುರು 500 ಓಮ್ ಲೆಕ್ಕಕ್ಕಿಲ್ಲ. ಒಂದೇ ಕಿಲುಬು, ಮೂರು ತಂತಿಗಳಲ್ಲಿ ಮೂರು ಫಲ. ಕೆಳತುದಿ ಏರಿದೆಯೇ, ಮೇಲ್ತುದಿ ಇಳಿದಿದೆಯೇ ಎಂದು ನೋಡಿದರೆ ತಂತಿ ಯಾವುದೆಂದು ಅಳತೆಗೆ ಮೊದಲೇ ಗೊತ್ತಾಗಿಬಿಡುತ್ತದೆ.

ಅಳತೆಯ ಕ್ರಮವೂ ಇದೇ ಲೆಕ್ಕವನ್ನು ಅನುಸರಿಸುತ್ತದೆ. ಕೀಲಿ ಆನ್, ಎಂಜಿನ್ ಆಫ್. ಕಪ್ಲರ್ ಕಳಚದೆ ಅದರ ಹಿಂಬದಿಯಿಂದ, ರಬ್ಬರ್ ಸೀಲಿನ ಪಕ್ಕದಲ್ಲಿ, ಸಣ್ಣ ಸೂಜಿಯನ್ನು ಪಿನ್ನಿಗೆ ತಾಗುವಷ್ಟು ತೂರಿಸಬೇಕು. ತಂತಿಯ ಹೊದಿಕೆಗೆ ಚುಚ್ಚುವುದು ಸಲ್ಲದು. ಇಂದು ಚುಚ್ಚಿದ ತೂತು ಮಳೆಗಾಲ ಕಳೆಯುವುದರಲ್ಲಿ ಕಿಲುಬಿನ ಗೂಡಾಗುತ್ತದೆ. ಮಲ್ಟಿಮೀಟರಿನ ಕಪ್ಪು ತುದಿಯನ್ನು ಬ್ಯಾಟರಿಯ ಮೈನಸ್‌ಗೆ ಇಟ್ಟು ಕೆಂಪಿನಿಂದ ಮೂರೂ ಪಿನ್ನುಗಳನ್ನು ಸರದಿಯಲ್ಲಿ ಮುಟ್ಟಬೇಕು. ಆಧಾರ ತಂತಿಯಲ್ಲಿ 5 ವೋಲ್ಟಿನ ಆಸುಪಾಸು, ಅರ್ಥ್ ತಂತಿಯಲ್ಲಿ 50 ಮಿಲಿವೋಲ್ಟಿಗಿಂತ ಕಡಿಮೆ ಇರಬೇಕು. ಮೇಲಿನ ಉದಾಹರಣೆಯ ಕಾರಿನಲ್ಲಿ ಇದೇ ಅರ್ಥ್ ಪಿನ್ 450 ಮಿಲಿವೋಲ್ಟ್ ತೋರಿಸುತ್ತದೆ. ತನಿಖೆ ಅಲ್ಲಿಗೆ ಮುಗಿದಂತೆ. ಬಲ್ಬಿನ ಟೆಸ್ಟ್ ಲ್ಯಾಂಪ್ ಇಲ್ಲಿ ನಿಷಿದ್ಧ. ಅದು ಎಳೆಯುವ ಕರೆಂಟಿಗೆ 5 ವೋಲ್ಟ್ ಸರಬರಾಜು ಕುಸಿಯುತ್ತದೆ.

ಓಮ್ ಅಳತೆಗಿಂತ ವೋಲ್ಟೇಜ್ ಡ್ರಾಪ್ ಅಳತೆ ಮೇಲು ಎಂಬ ಮಾತು ಗ್ಯಾರೇಜುಗಳಲ್ಲಿ ವೇದವಾಕ್ಯ. ಸ್ಟಾರ್ಟರ್ ಮೋಟಾರಿನಂಥ ಭಾರಿ ಕರೆಂಟಿನ ಸರ್ಕ್ಯೂಟಿಗೆ ಅದು ಪೂರ್ತಿ ನಿಜ. ಒಂದೇ ಎಳೆಯ ಮೇಲೆ ನಿಂತ ತಂತಿಯನ್ನು ಓಮ್ ಮೀಟರ್ ಸರಿಯಿದೆ ಎನ್ನುತ್ತದೆ, ಸ್ಟಾರ್ಟರ್ ಇಲ್ಲವೆನ್ನುತ್ತದೆ. 1 ಮಿಲಿಆಂಪಿಯರಿನ ಟಿಪಿಎಸ್ ಸರ್ಕ್ಯೂಟಿನಲ್ಲಿ ಆ ಕಾರಣ ಅನ್ವಯಿಸದು. ಇಲ್ಲಿ ವೋಲ್ಟೇಜ್ ಅಳತೆಯ ಹೆಚ್ಚುಗಾರಿಕೆ ಬೇರೆ: ಕಪ್ಲರ್ ಕಳಚಿದರೆ ಕಿಲುಬು ಉಜ್ಜಿಹೋಗಿ ದೋಷವೇ ಮಾಯವಾಗಬಹುದು, ಕಳಚದೆ ಅಳೆದರೆ ದೋಷ ಇದ್ದ ಹಾಗೇ ಸಿಕ್ಕುತ್ತದೆ.

ಸಂಕೇತ ಸೊನ್ನೆಗೆ ಅಂಟಿಕೊಂಡಿದ್ದರೆ ಸೆನ್ಸರನ್ನೂ ವೈರಿಂಗನ್ನೂ ಬೇರ್ಪಡಿಸುವ ಸರಳ ಪ್ರಯೋಗವೊಂದಿದೆ. ಕಪ್ಲರ್ ಕಳಚಿ, ಹಾರ್ನೆಸ್ (ತಂತಿಗಳ ಕಟ್ಟು) ಕಡೆಯ ಆಧಾರ ಪಿನ್ನಿನಿಂದ ಸಂಕೇತ ಪಿನ್ನಿಗೆ ಒಂದು ತುಂಡು ತಂತಿ ಜೋಡಿಸಿ ಸ್ಕ್ಯಾನರ್ ನೋಡಬೇಕು. ಓದು 5 ವೋಲ್ಟಿಗೆ ಜಿಗಿದರೆ ಆಧಾರ ತಂತಿ, ಸಂಕೇತ ತಂತಿ, ಇಸಿಯು ಮೂರೂ ನಿರ್ದೋಷಿಗಳು. ಉಳಿಯುವುದು ಸೆನ್ಸರ್ ಮತ್ತು ಅದರ ಪಿನ್ನುಗಳು. ಜಿಗಿಯದಿದ್ದರೆ ಎಷ್ಟು ಸೆನ್ಸರ್ ಬದಲಿಸಿದರೂ ಪ್ರಯೋಜನವಿಲ್ಲ. ಕೈತಪ್ಪಿ ಬ್ಯಾಟರಿಯ 12 ವೋಲ್ಟನ್ನು ಸಂಕೇತ ಪಿನ್ನಿಗೆ ಕೊಟ್ಟರೆ ಇಸಿಯುವೇ ಹೋಗಬಹುದು.

ಆಧಾರ ತಂತಿಯಲ್ಲೇ 5 ವೋಲ್ಟ್ ಇಲ್ಲದಿದ್ದರೆ ಹುಡುಕಾಟ ಟಿಪಿಎಸ್ ಬಿಟ್ಟು ಹೊರಗೆ ಹೋಗಬೇಕಾಗುತ್ತದೆ. ಆ 5 ವೋಲ್ಟನ್ನು ಇನ್‌ಟೇಕ್ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್, ಎಸಿ ಪ್ರೆಶರ್ ಸೆನ್ಸರ್ ಮೊದಲಾದವು ಹಂಚಿಕೊಂಡಿರುವುದು ಸಾಮಾನ್ಯ. ಅವುಗಳಲ್ಲಿ ಒಂದು ಒಳಗೇ ಶಾರ್ಟ್ ಆದರೂ, ಇಲಿ ಕಡಿದು ಆ ತಂತಿ ಬಾಡಿಗೆ ತಾಗಿದರೂ, ಎಲ್ಲವೂ ಒಟ್ಟಿಗೆ ಸಾಯುತ್ತವೆ. ಆಧಾರ ವೋಲ್ಟೇಜಿಗೇ ಮೀಸಲಾದ ಪಿ0641 ಕೋಡ್ ಜೊತೆಗೆ ಬಂದರೆ ಇದರ ಸುಳಿವು ಸಿಕ್ಕಂತೆ. ಮೀಟರನ್ನು ಆಧಾರ ತಂತಿಗೆ ಹಚ್ಚಿಟ್ಟು ಸೆನ್ಸರುಗಳನ್ನು ಒಂದೊಂದಾಗಿ ಕಳಚುತ್ತ ಹೋದರೆ, ಯಾವುದನ್ನು ಕಳಚಿದಾಗ 5 ವೋಲ್ಟ್ ಮರಳುತ್ತದೋ ಅದೇ ಕಳ್ಳ.

ಸೆನ್ಸರ್ ನಿಜವಾಗಿಯೂ ಕೆಡುವ ಸಾಮಾನ್ಯ ಬಗೆ ರೋಧಪಟ್ಟಿಯ ಸವೆತ. ಊರೊಳಗಿನ ಓಡಾಟದಲ್ಲಿ ಥ್ರಾಟಲ್ ಬಹುಹೊತ್ತು ಐಡಲಿನಿಂದ ಕಾಲುಭಾಗ ತೆರೆತದ ನಡುವೆಯೇ ಆಡುವುದರಿಂದ ಪಟ್ಟಿಯೂ ಅಲ್ಲಿಯೇ ಮೊದಲು ಸವೆಯುತ್ತದೆ. ಸವೆದ ಜಾಗದ ಮೇಲೆ ಬೆರಳು ಹಾಯುವಾಗ ಕೆಲವೇ ಮಿಲಿಸೆಕೆಂಡು ಸಂಪರ್ಕ ತಪ್ಪುತ್ತದೆ. ಡಿಜಿಟಲ್ ಮಲ್ಟಿಮೀಟರ್ ಸೆಕೆಂಡಿಗೆ ಮೂರ್ನಾಲ್ಕು ಸಲ ಮಾತ್ರ ಅಂಕಿ ಬದಲಿಸುವುದರಿಂದ ಅದರ ಕಣ್ಣಿಗೆ ಇದು ಬೀಳುವುದಿಲ್ಲ. ಹಳೆಯ ಮುಳ್ಳಿನ ಮೀಟರ್ ಒಮ್ಮೆ ನಡುಗಿಯಾದರೂ ತೋರಿಸುತ್ತದೆ. ಸರಿಯಾದ ಉಪಕರಣ ಆಸಿಲೋಸ್ಕೋಪ್. ಪೆಡಲನ್ನು ನಿಧಾನವಾಗಿ ಒತ್ತಿ ಬಿಟ್ಟರೆ ಪರದೆಯ ಮೇಲೆ ಗೆರೆ ಗುಡ್ಡದಂತೆ ನುಣುಪಾಗಿ ಏರಿ ಇಳಿಯಬೇಕು. ಏರಿನ ಆರಂಭದಲ್ಲೇ, ಒಂದು ವೋಲ್ಟಿನ ಆಸುಪಾಸಿನಲ್ಲಿ, ಸೂಜಿಯಂಥ ಗೀರು ಕೆಳಗಿಳಿದು ಮೇಲೆದ್ದರೆ, ಇಳಿಯುವಾಗಲೂ ಅದೇ ಎತ್ತರದಲ್ಲಿ ಮರುಕಳಿಸಿದರೆ, ಪಟ್ಟಿ ಸವೆದಿರುವುದು ಖಚಿತ. ಗೀರು ಕೆಳಮುಖವಾದರೆ ಆ ಕಾರಿನಲ್ಲಿರುವುದು ಪುಲ್‌ಡೌನ್, ಮೇಲ್ಮುಖವಾದರೆ ಪುಲ್‌ಅಪ್. ಗೀರು ಕೋನಕ್ಕೆ ಕಟ್ಟುಬೀಳದೆ, ಹಾರ್ನೆಸ್ ಅಲುಗಿಸಿದಾಗ ಮಾತ್ರ ಬಂದರೆ ದೋಷ ತಂತಿಯಲ್ಲಿದೆ.

ಪಿ0121ರ ಸಂಗತಿ ಸ್ವಲ್ಪ ಬೇರೆ. ಇಲ್ಲಿ ಇಸಿಯು ಥ್ರಾಟಲ್ ಓದನ್ನು ಗಾಳಿಯ ಒತ್ತಡ ಅಥವಾ ಪ್ರಮಾಣಕ್ಕೆ ಹೋಲಿಸಿ ತಾಳೆಯಿಲ್ಲವೆನ್ನುತ್ತದೆ. ಸುಳ್ಳು ಹೇಳುತ್ತಿರುವುದು ಎರಡರಲ್ಲಿ ಯಾವುದು ಎಂಬುದು ಅದಕ್ಕೆ ಗೊತ್ತಿಲ್ಲ. ಇನ್‌ಟೇಕ್ ಹೋಸ್ ಬಿರಿದು ಗಾಳಿ ಸೋರುತ್ತಿದ್ದರೂ ಈ ಕೋಡ್ ಬೀಳಬಹುದು.

ಎಲೆಕ್ಟ್ರಾನಿಕ್ ಥ್ರಾಟಲ್ ಬಂದ ಮೇಲೆ ಕೇಬಲ್ ಹೋಯಿತು, ತಟ್ಟೆಯನ್ನು ಮೋಟಾರ್ ತಿರುಗಿಸತೊಡಗಿತು, ಸುರಕ್ಷತೆಗೆಂದು ಒಂದರ ಬದಲು ಎರಡು ಸೆನ್ಸರುಗಳು ಸೇರಿದವು. ಎರಡರ ಮಾತು ಹೊಂದದಿದ್ದರೆ ಪಿ2135. ಇಸಿಯು ಆಗ ಮೋಟಾರಿನ ಕರೆಂಟ್ ಕಡಿದುಬಿಡುತ್ತದೆ. ಸ್ಪ್ರಿಂಗು ತಟ್ಟೆಯನ್ನು ಕೆಲವೇ ಡಿಗ್ರಿ ತೆರೆದಲ್ಲಿ ತಂದು ನಿಲ್ಲಿಸುತ್ತದೆ, ಕಾರು ತೆವಳುತ್ತ ಗ್ಯಾರೇಜು ಸೇರುತ್ತದೆ. ಇಂಥ ಥ್ರಾಟಲ್ ಬಾಡಿಯೊಳಗೆ ಕೀಲಿ ಆನ್ ಇರುವಾಗ ಬೆರಳು ಹಾಕಬಾರದು.

ಹಲವು ವಿನ್ಯಾಸಗಳಲ್ಲಿ ಒಂದು ಸೆನ್ಸರ್ 0.5ರಿಂದ 4.5ಕ್ಕೆ ಏರುವಾಗ ಇನ್ನೊಂದು 4.5ರಿಂದ 0.5ಕ್ಕೆ ಇಳಿಯುತ್ತದೆ. ಯಾವ ಕೋನದಲ್ಲಿ ನೋಡಿದರೂ ಎರಡರ ಮೊತ್ತ 5. ರೋಧಪಟ್ಟಿಯ ಮಾದರಿಯಲ್ಲಿ ಈ ಮೊತ್ತವೇ ಅತ್ಯುತ್ತಮ ಸಾಕ್ಷಿ. ಎರಡಕ್ಕೂ ಒಂದೇ ಅರ್ಥ್ ಇದ್ದು ಅದರಲ್ಲಿ 500 ಓಮ್ ಕಿಲುಬು ಕೂತರೆ, 5,000 ಓಮ್‌ನ ಎರಡು ಪಟ್ಟಿಗಳ ಲೆಕ್ಕದಲ್ಲಿ ತಳ 0.83 ವೋಲ್ಟಿಗೆ ಏರಿ, ಮೊತ್ತ ಎಲ್ಲ ಕೋನಗಳಲ್ಲೂ 5.83 ಆಗುತ್ತದೆ. ಕಿಲುಬು ಆಧಾರ ತಂತಿಯಲ್ಲಿದ್ದರೆ ಎಲ್ಲೆಡೆಯೂ 4.17. ಮೊತ್ತ ಯಾವುದೋ ಒಂದು ಕೋನದಲ್ಲಿ ಮಾತ್ರ ತಪ್ಪಿದರೆ ಪಟ್ಟಿಯದೇ ದೋಷ. ಎರಡೂ ಸೆನ್ಸರುಗಳು ಬೇರೆ ಬೇರೆ ಏರಿಕೆಯಲ್ಲಿ ಮೇಲಕ್ಕೇ ಹೋಗುವ ವಿನ್ಯಾಸಗಳಿಗೆ ಈ ಕೂಡಿಕೆ ಹೊಂದದು; ಅಲ್ಲಿ ತಯಾರಕರ ಕೋಷ್ಟಕ ಬೇಕು. ಪಟ್ಟಿಯ ಬದಲು ಅಯಸ್ಕಾಂತ ಮತ್ತು ಅದರ ಕಾಂತಕ್ಷೇತ್ರವನ್ನು ಗ್ರಹಿಸುವ ಹಾಲ್ ಚಿಪ್ ಇರುವ ಇತ್ತೀಚಿನ ಸೆನ್ಸರುಗಳಲ್ಲಿ ಸವೆಯುವ ಭಾಗವೇ ಇಲ್ಲ. ಅವುಗಳ ಪಿನ್ನುಗಳ ನಡುವೆ ಓಮ್ ಅಳೆದು ಸಿಗುವ ಅಂಕಿಗೂ ಸೆನ್ಸರಿನ ಆರೋಗ್ಯಕ್ಕೂ ಸಂಬಂಧವಿಲ್ಲ.

ದುರಸ್ತಿಯಾದ ಬಳಿಕ ಕೋಡ್ ಅಳಿಸಿ, ಆ ಕಾರಿಗೆ ಹೇಳಿದ ಕ್ರಮದಲ್ಲಿ ಮುಚ್ಚಿದ ಸ್ಥಿತಿಯನ್ನು ಇಸಿಯುಗೆ ಮರುಕಲಿಸಬೇಕು. ಇಲ್ಲವಾದರೆ ಕಿಲುಬಿನ ಕಾಲದ ಹಳೆಯ ಓದನ್ನೇ ಆಧಾರವಾಗಿಟ್ಟುಕೊಂಡು ಐಡಲ್ ಕೆಲವು ದಿನ ಅಡ್ಡಾದಿಡ್ಡಿ ಹೋಗಬಹುದು, ಸರಿಯಾದ ದುರಸ್ತಿಯೂ ತಪ್ಪೆಂದು ತೋರಬಹುದು. ಕೊನೆಗೆ, ಕೋಡ್ ಬಿದ್ದ ಗಳಿಗೆಯಲ್ಲಿ ಇಸಿಯು ದಾಖಲಿಸಿಟ್ಟ ಎಂಜಿನ್ ಬಿಸಿ, ವೇಗ ಮತ್ತು ಲೋಡನ್ನು ಅಳಿಸುವ ಮುನ್ನ ಬರೆದಿಟ್ಟುಕೊಂಡು, ಅದೇ ಸ್ಥಿತಿಯಲ್ಲಿ ಕಾರನ್ನು ಮತ್ತೆ ಓಡಿಸಿ ನೋಡಬೇಕಾಗುತ್ತದೆ. ತಣ್ಣಗಿನ ಎಂಜಿನ್ನಿನಲ್ಲಿ ಸರಿಯಿರುವ ಅರ್ಥ್ ಪಿನ್ ಬಿಸಿಯಾದ ಮೇಲೂ 50 ಮಿಲಿವೋಲ್ಟಿನ ಒಳಗೇ ಇದೆಯೇ ಎಂಬುದು ಆಗ ಮಾತ್ರ ತಿಳಿಯುತ್ತದೆ.